ಬ್ಯಾಟರಿ ಇಲ್ಲದೆ ಎಲ್‌ಇಡಿ ಬೆಳಗಿಸುವುದು ಹೇಗೆ?

ಸೂಜಿ ಇಲ್ಲದ 20 ಎಂಎಲ್ ಸಿರಿಂಜ್, ಅದರೊಳಗೆ ಸಲೀಸಾಗಿ ಜಾರುವ ನಾಲ್ಕೈದು ನಿಯೋಡಿಮಿಯಮ್ (ಚಿಕ್ಕದಾದರೂ ತುಂಬಾ ಬಲವಾದ) ಮ್ಯಾಗ್ನೆಟ್, ಎರಡು ಕೆಂಪು ಎಲ್‌ಇಡಿ, ತೆಳ್ಳನೆಯ ತಾಮ್ರದ ತಂತಿ. ಇಷ್ಟು ಸಾಕು. ತಂತಿಗೆ ಮೋಟಾರ್ ರಿವೈಂಡಿಂಗ್ ಅಂಗಡಿಗೆ ಹೋಗಿ 36 ಗೇಜ್ ಕೇಳಿ, 30 ಗ್ರಾಂ ತಗೊಳ್ಳಿ. ಈ ಮ್ಯಾಗ್ನೆಟ್ ಮಾತ್ರ ಚಿಕ್ಕ ಮಕ್ಕಳ ಕೈಗೆ ಸಿಗಬಾರದು. ಒಂದಕ್ಕಿಂತ ಹೆಚ್ಚು ನುಂಗಿದರೆ ಕರುಳಿಗೇ ಅಪಾಯ.

ಸಿರಿಂಜಿನ ಹಿಡಿ ತೆಗೆದುಬಿಡಿ. ಕೊಳವೆಯ ನಡುವೆ ಎರಡು ಬೆರಳಗಲದ ಜಾಗದಲ್ಲಿ ತಂತಿಯನ್ನು ಒಂದೇ ದಿಕ್ಕಿಗೆ ಸುತ್ತುತ್ತಾ ಹೋಗಿ, ಸುಮಾರು ಸಾವಿರ ಸುತ್ತು. ಬೇಜಾರಿನ ಕೆಲಸ ನಿಜ, ಆದರೆ ಸುತ್ತು ಕಡಿಮೆಯಾದಷ್ಟೂ ವೋಲ್ಟೇಜ್ ಇಳಿಯುತ್ತದೆ, ಕೆಂಪು ಎಲ್‌ಇಡಿಗೆ ಹತ್ತಿರ ಹತ್ತಿರ 2 ವೋಲ್ಟ್ ಬೇಕೇ ಬೇಕು. ತಂತಿಯ ಮೇಲೆ ಕಣ್ಣಿಗೆ ಕಾಣದ ಹಾಗೆ ಲೇಪ ಇರುತ್ತದೆ. ಎರಡೂ ತುದಿಯನ್ನು ಸ್ಯಾಂಡ್‌ಪೇಪರಿನಿಂದ ತಾಮ್ರ ಫಳಫಳ ಹೊಳೆಯುವ ತನಕ ಉಜ್ಜಿ. ದೀಪ ಹತ್ತದಿದ್ದರೆ ಮೊದಲು ನೋಡಬೇಕಾದದ್ದು ಇಲ್ಲೇ. ಈಗ ಒಂದು ಎಲ್‌ಇಡಿಯ ಉದ್ದ ಕಾಲಿಗೆ ಇನ್ನೊಂದರ ಗಿಡ್ಡ ಕಾಲು ಸೇರಿಸಿ, ಉಳಿದೆರಡನ್ನೂ ಹಾಗೇ ಸೇರಿಸಿ, ಎರಡು ಜೋಡಿಗೂ ತಂತಿಯ ಒಂದೊಂದು ತುದಿ ಕಟ್ಟಿ. ಮ್ಯಾಗ್ನೆಟ್ ಒಳಗೆ ಹಾಕಿ ಬಾಯಿಗೆ ಟೇಪ್ ಸುತ್ತಿ.

ಲೈಟ್ ಆರಿಸಿ ಜೋರಾಗಿ ಅಲ್ಲಾಡಿಸಿ. ಎರಡೂ ಮಿಣಮಿಣ ಅನ್ನುತ್ತವೆ, ಆದರೆ ಒಟ್ಟಿಗಲ್ಲ. ಮ್ಯಾಗ್ನೆಟ್ ಸುರುಳಿಯೊಳಗೆ ನುಗ್ಗುವಾಗ ಒಂದು, ಹೊರಬೀಳುವಾಗ ಇನ್ನೊಂದು, ಯಾಕೆಂದರೆ ಕರೆಂಟಿನ ದಿಕ್ಕು ಆಗ ತಿರುಗಿಬಿಡುತ್ತದೆ. ಮ್ಯಾಗ್ನೆಟ್ಟನ್ನು ಸುರುಳಿಯ ನಡುವೆ ಸುಮ್ನೆ ನಿಲ್ಲಿಸಿ ನೋಡಿ, ಏನೂ ಇಲ್ಲ. ಎಷ್ಟೇ ಬಲವಾದ ಮ್ಯಾಗ್ನೆಟ್ ಆದರೂ ಅಷ್ಟೇ. ಕರೆಂಟ್ ಹುಟ್ಟುವುದು ಕಾಂತಬಲ ಬದಲಾಗುತ್ತಿರುವಾಗ ಮಾತ್ರ, ಬೇಗ ಬದಲಾದಷ್ಟೂ ಜಾಸ್ತಿ. 1831ರಲ್ಲಿ ಲಂಡನ್ನಿನಲ್ಲಿ ಮೈಕೆಲ್ ಫ್ಯಾರಡೆ ಕಂಡದ್ದೂ ಇದನ್ನೇ. ಕಬ್ಬಿಣದ ಬಳೆಗೆ ಎರಡು ಕಡೆ ತಂತಿ ಸುತ್ತಿ ಒಂದಕ್ಕೆ ಬ್ಯಾಟರಿ ಕೊಟ್ಟರು. ಇನ್ನೊಂದರ ಬಳಿಯಿದ್ದ, ದಿಕ್ಸೂಚಿಯಲ್ಲಿರುವಂಥ ಕಾಂತದ ಮುಳ್ಳು ಬ್ಯಾಟರಿ ಜೋಡಿಸಿದಾಗ, ಬಿಡಿಸಿದಾಗ ಮಾತ್ರ ಅಲುಗಿತು.

ನಿಮ್ಮ ಕೈ ಮಾಡಿದ ಕೆಲಸವನ್ನು ಶಿವನಸಮುದ್ರದಲ್ಲಿ ಕಾವೇರಿ ನೀರು ಮಾಡುತ್ತದೆ. 1902ರಲ್ಲಿ ಅಲ್ಲಿಂದ ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಹೋಯಿತು. ಕಂಬದ ಮೇಲಿನ ಟ್ರಾನ್ಸ್‌ಫಾರ್ಮರ್ ನಡೆಯುವುದೂ ಕರೆಂಟ್ ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಆಗುವುದರಿಂದ. ಅದಕ್ಕೆ ಬ್ಯಾಟರಿ ಕೊಟ್ಟಿಟ್ಟರೆ ಪ್ರಯೋಜನವಿಲ್ಲ.

ಇಂಡಕ್ಷನ್ ಒಲೆಯಲ್ಲಿ ಇದೇ ಬದಲಾವಣೆ ಸೆಕೆಂಡಿಗೆ 20 ಸಾವಿರಕ್ಕೂ ಹೆಚ್ಚು ಸಲ. ಗಾಜಿನ ಕೆಳಗಿನ ಸುರುಳಿ ಪಾತ್ರೆಯ ತಳದಲ್ಲೇ ಕರೆಂಟ್ ಹುಟ್ಟಿಸುತ್ತದೆ, ತಳ ಕಾಯುತ್ತದೆ. ಪಾತ್ರೆ ಕೊಳ್ಳುವಾಗ ಒಂದು ಮ್ಯಾಗ್ನೆಟ್ ಒಯ್ಯಿರಿ. ತಳಕ್ಕೆ ಗಟ್ಟಿಯಾಗಿ ಅಂಟಿದರೆ ತಗೊಳ್ಳಿ. ಬರೀ ಅಲ್ಯೂಮಿನಿಯಂ, ತಾಮ್ರದ ಪಾತ್ರೆ ಸಾಮಾನ್ಯ ಇಂಡಕ್ಷನ್ ಒಲೆಗೆ ಆಗುವುದಿಲ್ಲ.

ವೈರ್‌ಲೆಸ್ ಚಾರ್ಜರಿನಲ್ಲೂ ಹೀಗೇ ಸುರುಳಿಯಿಂದ ಸುರುಳಿಗೆ. ಫೋನ್ ಸ್ವಲ್ಪ ಸರಿದರೂ ಚಾರ್ಜ್ ನಿಲ್ಲಬಹುದು. ಕಾರಿನ ಸ್ಟ್ಯಾಂಡಿಗೆಂದು ಕವರಿನ ಹಿಂದೆ ಕಬ್ಬಿಣದ ತಗಡು ಅಂಟಿಸಿರುತ್ತಾರೆ ಅಲ್ವಾ, ಅದನ್ನು ತೆಗೆದೇ ಚಾರ್ಜಿಗೆ ಇಡಿ. ಇಲ್ಲದಿದ್ದರೆ ಪಾತ್ರೆಯ ತಳದ ಹಾಗೆ ಆ ತಗಡೇ ಬಿಸಿಯಾಗುತ್ತದೆ.