ಇಂಧನ ದಕ್ಷತೆಯ ಸಂಶೋಧನಾ ಉಪನ್ಯಾಸ: ಕಣ್ಣು ಛೇದದ ಮೇಲಿರಲಿ

ವಿಶ್ವವಿದ್ಯಾಲಯಗಳಲ್ಲಿ ಇಂಧನ ದಕ್ಷತೆ, ಶುದ್ಧ ತಂತ್ರಜ್ಞಾನ ಕುರಿತು ನಡೆಯುವ ಸಂಶೋಧನಾ ಉಪನ್ಯಾಸಗಳಲ್ಲಿ ಸ್ಲೈಡ್‌ಗಳು ಬೇಗ ಬೇಗ ಸರಿಯುತ್ತವೆ. ಎಲ್ಲವನ್ನೂ ಬರೆದುಕೊಳ್ಳಲು ಹೋದರೆ ಕೊನೆಗೆ ಏನೂ ಕೈಗೆ ಸಿಗುವುದಿಲ್ಲ. ದಕ್ಷತೆ ಎಂದರೆ ಒಂದು ಭಾಗಾಕಾರ: ಮೇಲೆ ಸಿಕ್ಕಿದ್ದು, ಕೆಳಗೆ ಕೊಟ್ಟಿದ್ದು, ಅಂದರೆ ಛೇದ. ಬಂದ ಉತ್ತರ ಸ್ಲೈಡಿನಲ್ಲಿ ದಪ್ಪಕ್ಷರದಲ್ಲಿರುತ್ತದೆ. ಛೇದದಲ್ಲಿ ಏನನ್ನು ಸೇರಿಸಿದ್ದಾರೆ, ಏನನ್ನು ಬಿಟ್ಟಿದ್ದಾರೆ ಎಂಬುದು ಮಾತ್ರ ಮಾತಿನ ನಡುವೆ ಒಂದು ಸಲ ಬಂದು ಹೋಗುತ್ತದೆ. ಕಿವಿ ಇಡಬೇಕಾದದ್ದು ಅಲ್ಲಿ.

ಹಿಂದಿನ ದಿನ ಉಪನ್ಯಾಸದ ಸಾರಾಂಶ ಓದಿ. ಅದೇ ತಂಡದ ಹಿಂದಿನ ಪ್ರಬಂಧವೊಂದು ಸಿಕ್ಕರೆ ಪ್ರಯೋಗವಿಧಾನದ ಭಾಗವನ್ನಷ್ಟೇ ನೋಡಿ, ಹದಿನೈದು ನಿಮಿಷ ಸಾಕು. ನೋಟ್‌ಬುಕ್ಕಿನ ಒಂದು ಪುಟಕ್ಕೆ ನಾಲ್ಕು ಅಂಕಣ ಎಳೆದುಕೊಳ್ಳಿ: ಹೇಳಿದ ಅಂಕಿ, ಅದರ ಛೇದ, ಅಳೆದ ಪರಿಸ್ಥಿತಿ, ಯಾವುದರೊಂದಿಗೆ ಹೋಲಿಸಿದ್ದು. ಉಪನ್ಯಾಸದ ವೇಳೆ ಈ ಅಂಕಣಗಳನ್ನಷ್ಟೇ ತುಂಬಿ. ಖಾಲಿ ಉಳಿದ ಕಡೆ ನಿಮ್ಮ ಪ್ರಶ್ನೆ ಇದೆ.

ಹೈಡ್ರೋಜನ್ ವಿಷಯದಲ್ಲಿ ಮೇಲಿನ ಅಂಕಿಯನ್ನು ಹೇಗೆ ಹಿಡಿದರು ಎಂಬುದೂ ಎಷ್ಟು ವ್ಯತ್ಯಾಸ ಮಾಡುತ್ತದೆ ನೋಡಿ. ವಿದ್ಯುತ್ತಿನಿಂದ ನೀರನ್ನು ಒಡೆದು ಹೈಡ್ರೋಜನ್ ತೆಗೆಯುವ ಯಂತ್ರ, ಅಂದರೆ ಎಲೆಕ್ಟ್ರೋಲೈಸರ್, ಒಂದು ಕಿಲೋ ಹೈಡ್ರೋಜನ್‌ಗೆ 52 ಯೂನಿಟ್, ಅಂದರೆ 52 ಕಿಲೋವ್ಯಾಟ್-ಗಂಟೆ, ವಿದ್ಯುತ್ ತೆಗೆದುಕೊಳ್ಳುತ್ತದೆ ಎನ್ನಿ. ಆ ಒಂದು ಕಿಲೋ ಉರಿದಾಗ ಹುಟ್ಟುವ ನೀರಾವಿ ಮತ್ತೆ ನೀರಾಗುವಾಗ ಬಿಡುವ ಶಾಖವನ್ನೂ ಲೆಕ್ಕಕ್ಕೆ ಹಿಡಿದರೆ ಅದರಲ್ಲಿ 39.4 ಯೂನಿಟ್ ಶಕ್ತಿ ಇದೆ, ಹಿಡಿಯದಿದ್ದರೆ 33.3 ಯೂನಿಟ್. ಮೊದಲ ಲೆಕ್ಕದಲ್ಲಿ (ಎಚ್‌ಎಚ್‌ವಿ, ಹೆಚ್ಚಿನ ಶಾಖಮೌಲ್ಯ) ದಕ್ಷತೆ ಶೇ 76, ಎರಡನೆಯದರಲ್ಲಿ (ಎಲ್‌ಎಚ್‌ವಿ, ಕಡಿಮೆ ಶಾಖಮೌಲ್ಯ) ಶೇ 64. ಯಂತ್ರ ಒಂದೇ, ವಿದ್ಯುತ್ ಒಂದೇ, ಅಂತರ ಹನ್ನೆರಡು ಅಂಶ. ಎಚ್‌ಎಚ್‌ವಿಯೋ ಎಲ್‌ಎಚ್‌ವಿಯೋ ಎಂಬುದನ್ನು ಬರೆದುಕೊಳ್ಳದೆ ಎರಡು ತಂಡಗಳ ಅಂಕಿಗಳನ್ನು ಪಕ್ಕಪಕ್ಕ ಇಡಲೇಬೇಡಿ. ಇಲ್ಲಿ ಛೇದವನ್ನೂ ಕೆದಕಬೇಕು: ಆ 52 ಯೂನಿಟ್ ಬರೀ ಸ್ಟ್ಯಾಕ್‌ನದ್ದೇ (ನೀರು ಒಡೆಯುವ ಸೆಲ್‌ಗಳ ಜೋಡಣೆ), ಅಥವಾ ನೀರು ಶುದ್ಧೀಕರಣ, ಪಂಪ್, ರೆಕ್ಟಿಫೈಯರ್ (ಎಸಿಯನ್ನು ಡಿಸಿ ಮಾಡುವ ಸಾಧನ), ಕಂಪ್ರೆಸರ್ ಎಲ್ಲ ಸೇರಿದೆಯೇ?

ಸೋಲಾರ್ ಸೆಲ್‌ಗಳಲ್ಲಿ ಎಡವಟ್ಟಾಗುವುದು ಪರಿಸ್ಥಿತಿಯ ಅಂಕಣದಲ್ಲಿ. ಪ್ರಮಾಣಿತ ಪರೀಕ್ಷೆ ನಡೆಯುವುದು ಚದರ ಮೀಟರ್‌ಗೆ 1000 ವ್ಯಾಟ್ ಬೆಳಕಿನಲ್ಲಿ, ಸೆಲ್‌ನ ತಾಪ 25 ಡಿಗ್ರಿ ಸೆಲ್ಸಿಯಸ್ ಇರುವಾಗ. ಬಿಸಿಲಿನಲ್ಲಿ ಕೂತ ಪ್ಯಾನೆಲ್ 65 ಡಿಗ್ರಿ ಮುಟ್ಟಬಹುದು. ಸಿಲಿಕಾನ್‌ನ ಉತ್ಪಾದನೆ ಪ್ರತಿ ಡಿಗ್ರಿಗೆ ಶೇ 0.35ರಷ್ಟು ಇಳಿಯುತ್ತದೆ ಎಂದು ಹಿಡಿದರೆ 40 ಡಿಗ್ರಿ ಏರಿಕೆಗೆ ಶೇ 14 ಹೋಯಿತು: ಶೇ 22ರ ಪ್ಯಾನೆಲ್ ಸುಮಾರು ಶೇ 19ಕ್ಕೆ ಇಳಿಯುತ್ತದೆ. ಪೆರೋವ್‌ಸ್ಕೈಟ್ ಎಂಬ ಹೊಸ ಬಗೆಯ ಸೆಲ್ ವಸ್ತುವಿನ ಬಗ್ಗೆ ಮಾತಾದರೆ ಸೆಲ್‌ನ ವಿಸ್ತೀರ್ಣ ಬರೆದುಕೊಳ್ಳಿ. ಒಂದು ಚದರ ಸೆಂಟಿಮೀಟರ್‌ಗೂ ಚಿಕ್ಕದಾದ ಸೆಲ್‌ನಲ್ಲಿ ಬಂದ ಅಂಕಿ ದೊಡ್ಡ ಮಾಡ್ಯೂಲ್‌ನಲ್ಲಿ ಹಾಗೇ ಉಳಿಯುವುದಿಲ್ಲ. ಪದರ ಎಲ್ಲೆಡೆ ಸಮನಾಗಿ ಕೂರುವುದಿಲ್ಲ, ವಾಹಕ ಪದರದ ರೋಧವೂ ಹೆಚ್ಚುತ್ತದೆ. ಎಷ್ಟು ಗಂಟೆ, ಯಾವ ತಾಪ ಮತ್ತು ತೇವಾಂಶದಲ್ಲಿ ಬಾಳಿತು ಎಂಬುದೂ ಅಷ್ಟೇ ಮುಖ್ಯ. ಏಕ-ಸಂಧಿ ಸೆಲ್‌ಗೆ (ಬೆಳಕು ಹೀರುವ ವಸ್ತು ಒಂದೇ ಇರುವ ಸೆಲ್) ಸೈದ್ಧಾಂತಿಕ ಮಿತಿ ಸುಮಾರು ಶೇ 33, ಅದನ್ನು ಲೆಕ್ಕ ಹಾಕುವ ವಿಧಾನ ವಿಜ್ಞಾನಿಗಳಾದ ಶಾಕ್ಲಿ ಮತ್ತು ಕ್ವೈಸರ್ 1961ರಲ್ಲಿ ಕೊಟ್ಟಿದ್ದು. ಅದನ್ನು ಮೀರಿದ ಅಂಕಿ ಕಂಡರೆ ಅದು ಟ್ಯಾಂಡಮ್ ಸೆಲ್ಲೇ (ಒಂದರ ಮೇಲೊಂದು ಕೂರಿಸಿದ ಸೆಲ್‌ಗಳು), ಬೆಳಕನ್ನು ಸಾಂದ್ರೀಕರಿಸಿದ್ದಾರೆಯೇ ಎಂದು ನೋಡಿ.

ಬ್ಯಾಟರಿ ಉಪನ್ಯಾಸಕ್ಕೆ ಹೋಗುವಾಗ ಕ್ಯಾಲ್ಕುಲೇಟರ್ ಇರಲಿ. ಕೂಲಂಬಿಕ್ ದಕ್ಷತೆ, ಅಂದರೆ ತುಂಬಿದ ವಿದ್ಯುದಾವೇಶದಲ್ಲಿ ಮರಳಿ ಸಿಗುವ ಪಾಲು, ಶೇ 99.9 ಎಂದರೆ ಚೆನ್ನಾಗಿಯೇ ಕೇಳಿಸುತ್ತದೆ. ಆದರೆ ತುಂಬಿ ಬಳಸುವ ಸಾವಿರ ಸುತ್ತಿಗೆ 0.999 ಅನ್ನು ತನ್ನಿಂದಲೇ 1000 ಸಲ ಗುಣಿಸಿದರೆ ಬರುವುದು 0.37, ಶೇ 99.99 ಆದರೆ 0.90. ಲಿಥಿಯಂ ಅಳತೆಗೆ ತಕ್ಕಷ್ಟೇ ಇರುವ ಸೆಲ್‌ಗೆ ಈ ಲೆಕ್ಕ ಹೊಂದುತ್ತದೆ. ಕಾಯಿನ್ ಸೆಲ್‌ನಲ್ಲಿ (ನಾಣ್ಯದಾಕಾರದ ಸಣ್ಣ ಸೆಲ್) ಲಿಥಿಯಂ ಹಾಳೆಯೂ ಎಲೆಕ್ಟ್ರೋಲೈಟೂ ಧಾರಾಳವಾಗಿ ಇದ್ದರೆ ನಷ್ಟ ಸಾವಿರ ಸುತ್ತಿನವರೆಗೂ ಮರೆಯಾಗಿಯೇ ಇರುತ್ತದೆ. ಹಾಗಾಗಿ ಅವೆರಡೂ ಎಷ್ಟಿದ್ದವು ಎಂದು ಕೇಳಿ. ಕಿಲೋಗೆ ಇಷ್ಟು ವ್ಯಾಟ್-ಗಂಟೆ ಎಂದರೆ ಆ ಕಿಲೋ ಬರೀ ಕ್ಯಾಥೋಡ್ ವಸ್ತುವಿನದ್ದೇ, ಇಡೀ ಸೆಲ್‌ನದ್ದೇ, ಪ್ಯಾಕ್‌ನದ್ದೇ ಎಂಬುದೂ ಬೇಕು.

ಶಾಖವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುವ ಹೀಟ್ ಪಂಪ್‌ನ ಸಿಒಪಿ (ಒಂದು ಯೂನಿಟ್ ವಿದ್ಯುತ್ತಿಗೆ ಸಿಗುವ ಶಾಖ) 4 ಎಂದರೆ ಎರಡು ತಾಪಗಳೂ ಜೊತೆಗೆ ಬರಬೇಕು, ಶಾಖ ಎಲ್ಲಿಂದ ಎತ್ತಿದ್ದು, ಎಲ್ಲಿಗೆ ಕೊಟ್ಟಿದ್ದು; ಅಂತರ ಹೆಚ್ಚಿದಷ್ಟೂ ಸಿಒಪಿ ಕುಸಿಯುತ್ತದೆ. ಕಟ್ಟಡದಲ್ಲಿ ಶೇ 30 ಉಳಿತಾಯ ಎಂದರೆ ಯಾವ ವರ್ಷಕ್ಕೆ ಹೋಲಿಸಿ, ಹವಾಮಾನದ ಏರುಪೇರು ಸರಿದೂಗಿಸಿದ ಮೇಲೋ ಎಂದು ಗುರುತು ಹಾಕಿ.

ಗ್ರಾಫ್ ಬಂದಾಗ ಗೆರೆಗಿಂತ ಮೊದಲು ಲಂಬ ಅಕ್ಷ ನೋಡಿ. 90ರಿಂದ 92ರವರೆಗೆ ಎಳೆದ ಅಕ್ಷದಲ್ಲಿ ಅರ್ಧ ಅಂಶದ ಏರಿಕೆಯೂ ಬೆಟ್ಟದಂತೆ ಕಾಣುತ್ತದೆ. ಸುಧಾರಣೆ ಶೇ 2, ಅಳತೆಯ ದೋಷ ಶೇ 3 ಇದ್ದರೆ ಆ ಸುಧಾರಣೆ ಇನ್ನೂ ಸಾಬೀತಾಗಿಲ್ಲ. ಎಷ್ಟು ಮಾದರಿಗಳ ಸರಾಸರಿ, ಅತ್ಯುತ್ತಮ ಮಾದರಿ ಒಂದರದ್ದೇ ಎಂಬುದು ಸ್ಲೈಡಿನ ಅಡಿಯ ಸಣ್ಣಕ್ಷರದಲ್ಲಿ ಇರುತ್ತದೆ. ಹಾಗಾಗಿ ಮುಂದಿನ ಸಾಲಿನಲ್ಲಿ ಕೂರುವುದು ಒಳ್ಳೆಯದು.

ಪ್ರಶ್ನೆಗೆ ಪೀಠಿಕೆ ಬೇಡ, ಸ್ಲೈಡ್ ಸಂಖ್ಯೆಯಿಂದ ಶುರು ಮಾಡಿ. "ಹದಿನೇಳನೇ ಸ್ಲೈಡ್‌ನ ಶೇ 76 ಎಚ್‌ಎಚ್‌ವಿ ಆಧಾರದ್ದೇ, ಅದರಲ್ಲಿ ಕಂಪ್ರೆಸರ್ ಸೇರಿದೆಯೇ?" ಇಷ್ಟಕ್ಕೆ ನೇರ ಉತ್ತರ ಸಿಗುತ್ತದೆ. "ಇದು ವಾಣಿಜ್ಯವಾಗಿ ಸಾಧ್ಯವೇ?" ಎಂದು ಕೇಳಿದರೆ ಐದು ನಿಮಿಷ ಮಾತು ಬರುತ್ತದೆ, ಅಂಕಿ ಬರುವುದಿಲ್ಲ. ಉಪನ್ಯಾಸ ಮುಗಿದ ಮೇಲೆ ಪ್ರಯೋಗ ಮಾಡಿದ ಸಂಶೋಧನಾ ವಿದ್ಯಾರ್ಥಿಗಳು ಅಲ್ಲೇ ಇದ್ದರೆ ತಪ್ಪದೆ ಮಾತಾಡಿಸಿ. ಯಾವ ಸೀಲ್ ಸೋರಿತು, ಯಾವ ಮಾದರಿ ಮೂರನೇ ವಾರಕ್ಕೆ ಕೈಕೊಟ್ಟಿತು ಎಂಬುದು ಗೊತ್ತಿರುವುದು ಅವರಿಗೆ. ಅಂದೇ ಸಂಜೆ ಪುಟ ತೆರೆದು ಎರಡು ಅಂಕಿಗಳನ್ನಾದರೂ ನೀವೇ ಲೆಕ್ಕ ಹಾಕಿ. ಆಗಲೂ ಖಾಲಿ ಉಳಿದ ಅಂಕಣಕ್ಕೆ ಪ್ರಬಂಧದ ಪೂರಕ ಮಾಹಿತಿಯ ಕೋಷ್ಟಕ ನೋಡಿ, ಅಲ್ಲೂ ಇಲ್ಲದಿದ್ದರೆ ಎರಡು ಸಾಲಿನ ಇಮೇಲ್‌ನಲ್ಲಿ ಆ ಒಂದು ಸಂಖ್ಯೆಯನ್ನಷ್ಟೇ ಕೇಳಿ.