ಮನಸ್ಸು ಭಾರವಾದವರ ಕೈಗೆ ಒಂದು ಹಾಳೆ ಸಿಗಲಿ

ಎಲ್ಲರಿಗೂ ಕೌನ್ಸೆಲಿಂಗ್‌ಗೆ ಹೋಗಲು ಆಗುವುದಿಲ್ಲ. ದುಡ್ಡಿರುವುದಿಲ್ಲ, ಸಮಯ ಇರುವುದಿಲ್ಲ, ಕೆಲವರಿಗೆ ಧೈರ್ಯ ಸಾಲುವುದಿಲ್ಲ. ಅಂಥವರಿಗೆ ಲೈಬ್ರರಿ, ಆಫೀಸು, ಹಾಸ್ಟೆಲ್ ಎಲ್ಲಾದರೂ ಒಂದು ಹಾಳೆ ಇಡಿ.

ನಾನು ಮಾಡಿದ ಹಾಳೆಯಲ್ಲಿ ಮೂರೇ ಪ್ರಶ್ನೆ. ಈಗ ಮೈಯಲ್ಲಿ ಎಲ್ಲಿ ಬಿಗಿ ಅನಿಸುತ್ತಿದೆ? ಯಾವ ಮಾತು ತಲೆಯಲ್ಲಿ ಸುತ್ತುತ್ತಿದೆ? ಯಾರ ಹತ್ತಿರ ಐದು ನಿಮಿಷ ಮಾತಾಡಬಹುದು? ಮೊದಲು ‘ಯಾಕೆ ಹೀಗಾಯ್ತು’ ಅಂತಲೂ ಇತ್ತು, ತೆಗೆದುಬಿಟ್ಟೆ. ಯಾಕೆ ಅಂದ ಕೂಡಲೇ ಜನ ತಮ್ಮನ್ನೇ ಬೈದುಕೊಳ್ಳಲು ಶುರು ಮಾಡುತ್ತಾರೆ. ಕೆಳಗೆ ಅರ್ಧ ಪುಟ ಖಾಲಿ ಬಿಡಿ. ಹೆಸರು ಬರೆಯುವ ಜಾಗ ಮಾತ್ರ ಬೇಡವೇ ಬೇಡ.

ಇನ್ನೂ ಬರೆಯಬೇಕು ಅನ್ನುವವರಿಗೆ ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ ಅವರ ಕ್ರಮ ತಿಳಿಸಿ. 1986ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ ವಿದ್ಯಾರ್ಥಿಗಳು ದಿನಕ್ಕೆ 15 ನಿಮಿಷದಂತೆ 4 ದಿನ ಬರೆದಿದ್ದರು. ಕೆಲವರು ತಮ್ಮ ಬದುಕಿನ ದೊಡ್ಡ ನೋವಿನ ಬಗ್ಗೆಯೇ ಬರೆದರು. ಬರೆದ ತಕ್ಷಣ ಬೇಸರ ಜಾಸ್ತಿಯಾಗಬಹುದು, ಅದನ್ನು ಮೊದಲೇ ಹೇಳಿಬಿಡಿ. ಗಾಯ ತೀರಾ ಹೊಸದಾದರೆ ಸದ್ಯಕ್ಕೆ ಬರೆಯದಿದ್ದರೂ ನಡೆಯುತ್ತೆ, ಅಲ್ವಾ?

ಹಾಳೆಗಳನ್ನು ಯಾರನ್ನೂ ಕೇಳದೆ ಎತ್ತಿಕೊಳ್ಳುವಂತೆ ಇಡಿ. ಮೇಜಿನ ಹಿಂದೆ ಯಾರಾದರೂ ಕೂತಿದ್ದರೆ ಎಷ್ಟೋ ಜನ ಸುಮ್ನೆ ದಾಟಿ ಹೋಗುತ್ತಾರೆ.

ಎಲ್ಲಕ್ಕಿಂತ ಮೇಲೆ, ದಪ್ಪ ಅಕ್ಷರದಲ್ಲಿ ಇದಿರಲಿ: ‘ಸಾಯಬೇಕು ಅನಿಸುತ್ತಿದ್ದರೆ ಬರೆಯುತ್ತಾ ಕೂರಬೇಡಿ, ಈಗಲೇ ಫೋನ್ ಮಾಡಿ.’ ಪಕ್ಕದಲ್ಲೇ ನಿಮ್ಮ ಕಡೆಯ ಸಹಾಯವಾಣಿ ನಂಬರ್ ಹಾಕಿ. ಅದು ಈಗಲೂ ಚಾಲ್ತಿಯಲ್ಲಿದೆಯಾ ಅಂತ ಪ್ರಿಂಟ್ ತೆಗೆಯುವ ಮುಂಚೆ ನೋಡಿಕೊಳ್ಳಿ.