ಗೊಂಬೆ ಹಗುರ, ಡಬ್ಬ ಭಾರ

ಚನ್ನಪಟ್ಟಣದ ಗೊಂಬೆ ಮಾಡುವ ಆಲೆ ಮರ ತುಂಬಾ ಹಗುರ. ಅದಕ್ಕೇ ಜರ್ಮನಿಯ ಒಂದು ಚಿಕ್ಕ ಅಂಗಡಿಯಿಂದ ಮೊದಲ ಆರ್ಡರ್ ಬಂದಾಗ ಕೊರಿಯರ್ ಖರ್ಚಿನ ಬಗ್ಗೆ ನಾನು ತಲೆ ಕೆಡಿಸಿಕೊಳ್ಳಲಿಲ್ಲ. ತಕ್ಕಡಿಯಲ್ಲಿ 3.8 ಕೆಜಿ ಬಂತು. ನಾಲ್ಕು ಕೆಜಿ ಲೆಕ್ಕ ಹಿಡಿದು ರೇಟ್ ಹೇಳಿಬಿಟ್ಟೆ.

ಕೌಂಟರಿನ ಹುಡುಗ ತೂಕ ನೋಡಿದ ಮೇಲೆ ಟೇಪು ತೆಗೆದ. 45, 35, 30 ಸೆಂಟಿಮೀಟರ್. ಮೂರನ್ನೂ ಗುಣಿಸಿ 5000ದಿಂದ ಭಾಗಿಸಿದ. 9.45.

"ಒಂಬತ್ತೂವರೆ ಕೆಜಿ ಆಗುತ್ತೆ ಸಾರ್."

"ತಕ್ಕಡಿಯಲ್ಲಿ ನಾಲ್ಕೂ ಇಲ್ವಲ್ಲಪ್ಪಾ?"

"ವಿಮಾನದಲ್ಲಿ ಜಾಗ ಹಿಡಿಯುತ್ತಲ್ಲ ಸಾರ್. ಎರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕೆ ದುಡ್ಡು."

ಆ ಆರ್ಡರಿನ ಲಾಭ ಅಲ್ಲೇ ಮುಗಿಯಿತು. ಚನ್ನಪಟ್ಟಣದ ಗಾಳಿಗೆ ವಿಮಾನದ ಟಿಕೆಟ್ ತೆಗೆಸಿದ್ದೆ!

ಮುಂದಿನ ಸಲ ಅದೇ ಸಾಮಾನು. ಬಳೆ ಜೋಡಿಸುವ ಆಟಿಕೆಯ ಕಂಬ ಬಿಚ್ಚಿ ಮಲಗಿಸಿದೆ. ಬಳೆಗಳ ನಡುವಿನ ತೂತಿನಲ್ಲಿ ಬುಗುರಿ ಕೂರಿಸಿದೆ. ಒಂದೊಂದು ಗೊಂಬೆಗೂ ಇದ್ದ ಚೆಂದದ ಪೆಟ್ಟಿಗೆಗಳನ್ನು ಮಡಚಿ ತಳಕ್ಕೆ ಹಾಕಿದೆ, ಅವರು ಅಲ್ಲಿ ಬಿಡಿಸಿಕೊಳ್ಳಲಿ. ಡಬ್ಬ 35, 25, 20ಕ್ಕೆ ಇಳಿಯಿತು. ಅಳತೆಯ ತೂಕ ಸರಿಯಾಗಿ 3.5, ತಕ್ಕಡಿಯಲ್ಲಿ 3.4. ಬಣ್ಣದ ಅರಗು ಗೀರಬಾರದಲ್ವಾ, ಅದಕ್ಕೆ ಸುತ್ತುವ ಕಾಗದದಲ್ಲಿ ಮಾತ್ರ ಜಿಪುಣತನ ಮಾಡಲಿಲ್ಲ.

ಮೂರನೇ ಸಲ ಜಾಣತನ ಜಾಸ್ತಿಯಾಯಿತು. ಅದೇ ಡಬ್ಬಕ್ಕೆ ಇನ್ನೆರಡು ಗಿಲಕಿ ತುರುಕಿದೆ. ಹೊಟ್ಟೆ ಉಬ್ಬಿತು. ಅವರು ಅಳೆಯುವುದು ಉಬ್ಬಿದ ಜಾಗದಲ್ಲೇ: 36, 27, 22. ಲೆಕ್ಕ 4.28. ಅರ್ಧ ಕೆಜಿಯಂತೆ ಮೇಲಕ್ಕೆ ಏರಿಸುವುದರಿಂದ ನಾಲ್ಕೂವರೆ. ಒಂದೆರಡು ಸೆಂಟಿಮೀಟರಿಗೆ ಪೂರ್ತಿ ಒಂದು ಕೆಜಿ ದಂಡ. ಈಗ ಟೇಪ್ ಅಂಟಿಸಿದ ಮೇಲೆ, ಡಬ್ಬ ದಪ್ಪಗಿರುವ ಕಡೆಯೇ ಅಳೆಯುತ್ತೇನೆ. ಪ್ಯಾಕ್ ಮಾಡಿ ನೋಡದೆ ಯಾರಿಗೂ ರೇಟ್ ಹೇಳುವುದಿಲ್ಲ.

ಪಕ್ಕದ ಮನೆಯವರು ಮಗನಿಗೆ ಉಪ್ಪಿನಕಾಯಿ ಕಳಿಸುವಾಗ ಈ ಲೆಕ್ಕವೆಲ್ಲ ಬೇಡ. ಅಲ್ಲಿ ತಕ್ಕಡಿಯದೇ ಮಾತು. ಒಂದು ಲೀಟರ್ ಜಾಗಕ್ಕೆ 200 ಗ್ರಾಂಗಿಂತ ಕಡಿಮೆ ತೂಗುವ ಸಾಮಾನಿಗೆ ಮಾತ್ರ ಡಬ್ಬದ ಕಾಟ. ಒಂದೆರಡು ಗೊಂಬೆಯಾದರೆ ನಾನು ಅಂಚೆ ಕಚೇರಿಗೆ ಹೋಗುತ್ತಿದ್ದೆ. ವಿದೇಶಕ್ಕೆ ಚಿಕ್ಕ ಸಾಮಾನು ಕಳಿಸಲು 2025ರ ಕೊನೆಯವರೆಗೆ ಅಲ್ಲಿದ್ದ ಸ್ಮಾಲ್ ಪ್ಯಾಕೆಟ್ ಸೇವೆಗೆ 2 ಕೆಜಿ ಮಿತಿ ಇತ್ತು. ಉದ್ದ, ಅಗಲ, ಎತ್ತರ ಸೇರಿ 90 ಸೆಂಟಿಮೀಟರ್ ಮೀರಬಾರದಿತ್ತು, ಯಾವ ಬದಿಯೂ 60 ದಾಟಬಾರದಿತ್ತು. ತಲುಪುವುದು ನಿಧಾನವಾಗಿತ್ತು, ಆದರೆ ಅವಸರದ ಗಿರಾಕಿಗಳು ನನಗೆ ಕಡಿಮೆ.

ಈಗ ಒಬ್ಬರು ಮಗು ಕೂತು ತೂಗಾಡುವ ಮರದ ಕುದುರೆ ಕೇಳಿದ್ದಾರೆ. ಕಾಲು ಅಂಟಿಸುವ ಬದಲು ಸ್ಕ್ರೂ ಹಾಕಿ ಕೊಡ್ತೀರಾ ಎಂದು ಗೊಂಬೆ ಮಾಡುವ ಅಣ್ಣನನ್ನು ಕೇಳಿದೆ. "ಕುದುರೆ ಕಾಲು ಮುರಿದು ಕಳಿಸ್ತೀಯೇನೋ?" ಎಂದು ನಕ್ಕರು. ಮಾಡಿಕೊಡುತ್ತಾರೆ ಅನಿಸುತ್ತದೆ.